ಹಿರಿಯರು ಹೇಳ್ಯಾರ

ಲ್ಯಾಮಿಂಗ್ಟನ್ ರೋಡಿನ ಝೆರಾಕ್ಸ್ ಅಂಗಡಿ ಮ್ಯಾಲ
ಒಂದು ಖೋಲಿ, ಒಂದು ಫ್ಯಾನು, ಬಾಗಿಲಿಗೆ ಹಿತ್ತಾಳಿ ಫಲಕ:
‘ಸಂವಹನ ಸಲಹೆಗಾರರು’.
ಅಂಚೆಯವ ಇನ್ನೂ ಕೇಳತಾನ,
‘ಸರ, ನೀವು ಮಾರೂದರ ಏನು?’

ಏನು ಹೇಳಲಿ.
ಸಾಹೇಬರು ಬೈದದ್ದನ್ನ ‘ಕಳಕಳಿ’ ಅಂತ ಬರದೀನಿ,
ಓಡಿಹೋದದ್ದನ್ನ ‘ಪೂರ್ವನಿಗದಿತ ಪ್ರವಾಸ’ ಅಂತ.
ಭಾಷಣದ ಹಾಳಿಯ ಅಂಚಿಗೆ ಕೆಂಪು ಪೆನ್ನಿಲೆ:
‘ಇಲ್ಲಿ ಕನ್ನಡಕ ತಗೀರಿ, ಐದು ಎಣಸ್ರಿ.’
ಒಮ್ಮೆ ಅದನ್ನೂ ಓದಿಬಿಟ್ಟರು ಮೈಕಿನಾಗ.
ಜನ ಚಪ್ಪಾಳಿ ಹೊಡದರು.

ಆ ವರ್ಷ ನಳ ಎಂಟು ದಿನಕ್ಕೊಮ್ಮೆ.
ವಾರ್ಡಿನ ಹೆಣ್ಮಕ್ಕಳು ಖಾಲಿ ಕೊಡ ಉರುಳಿಸಿ
ಸಾಹೇಬರ ಕಾರು ತರುಬಿದ್ದರು.
ರಾತ್ರಿ ಹನ್ನೊಂದಕ್ಕ ಫೋನು:
‘ಮುಂಜಾನೆ ಸಭಾ. ಏನರೆ ಕೊಡು ಮಾರ್ತಂಡಾ,
ಅಂಕಿ ಬ್ಯಾಡ, ಅಂಕಿ ಯಾರೂ ನಂಬೂದಿಲ್ಲ.’

ಚಹಾ ಆರಿ ಕೆನಿ ಕಟ್ಟೂತನ ಕುಂತೆ.
ಆಮ್ಯಾಲ ಬಂತು, ತಾನ ನಡಕೊಂಡು ಬಂದಂಗ:

ತಡದು ಬಂದ ನೀರು
ತಳಮಟ ತಣಿಸತೈತಿ.

ಕೆಳಗ ಬರದೆ, ‘ಅಂತ ನಮ್ಮ ಹಿರಿಯರು ಹೇಳ್ಯಾರ.’
ಯಾವ ಹಿರಿಯರು?
ನಮ್ಮಪ್ಪ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್,
ಮನ್ಯಾಗೂ ಭೋಂಗಾದಾಗ ಕುಂತವರಂಗ ಸುಮ್ಮನ.
ಅಜ್ಜ ಬಾಯಿ ತಗದದ್ದು ಎಲಿ ಅಡಿಕಿಗಷ್ಟ.
ಆ ರಾತ್ರಿ ಹುಟ್ಟಿದ ಕೂಸಿಗೆ
ನರೆತ ಮೀಸಿ ಹಚ್ಚಿ ಸಭಾಕ್ಕ ಕಳಿಸಿದೆ.
ಬಿಲ್ಲಿನಾಗ ಹೆಂಗ ತೋರಸೂದು?
‘ಗಾದಿ ಮಾತು, ಹಳೇದು, ಒಂದು ನಗ.’
ಮ್ಯಾಲ ಜಿಎಸ್‌ಟಿ ಹದಿನೆಂಟು.

ಆರು ವರ್ಷ ಆತು.
ಸಾಹೇಬರು ಪಕ್ಷ ಬದಲಿಸಿದರು, ನನ್ನನ್ನೂ.
ಮೊನ್ನೆ ರಾತ್ರಿ ಎರಡೂವರಿ, ಗಣೇಶಪೇಟಿ ಓಣಿ,
ಹತ್ತನೇ ದಿನದ ನಳ.
ಸಾಲಿನಾಗ ನಾನೂ ಇದ್ದೆ, ಬನಿಯನ್ನಿನ ಮ್ಯಾಲ, ಎರಡು ಕೊಡ.
ನಳ ಕೆಮ್ಮಿತು. ಬರೇ ಗಾಳಿ ಉಗುಳಿತು.
ಮುಂದ ನಿಂತ ಶಾರವ್ವ ಹೂಗಾರ
ರಚ್ಚಿ ಹಿಡಿದ ಮೊಮ್ಮಗನ ಬೆನ್ನು ತಟ್ಟತ ಅಂದಳು:
‘ತಡದು ಬಂದ ನೀರು ತಳಮಟ ತಣಸ್ತೈತಿ ಮಗಾ,
ಕೊಡ ಒಡೀದಿದ್ರ.’

ಕಡೀ ಮಾತು ನಂದಲ್ಲ.
ಯಾರು ಹಚ್ಚಿದರೋ, ಯಾವ ಸಾಲಿನಾಗೋ.
ಅದಿಲ್ಲದ ನಂದು ಎಷ್ಟು ಕುಂಟತಿತ್ತು ಅಂತ
ಆಗ ತಿಳೀತು.

‘ಎಲ್ಲಿ ಕೇಳಿದಿ ಯವ್ವಾ ಇದನ್ನ?’
‘ನಮ್ಮವ್ವ ಹೇಳತಿದ್ಲು,
ಬಾವ್ಯಾಗ ಹಗ್ಗ ಬಿಡೂ ಮುಂದ.’
ಅವರವ್ವ ಸತ್ತು ನಲವತ್ತು ವರ್ಷ.
ದನಿಯಾಗ ಎಳ್ಳಷ್ಟೂ ಸುಳ್ಳಿಲ್ಲ.

ಹೇಳಬೇಕಂತ ಬಾಯಿ ತಗದೆ.
ಕನ್ನಡಕ ತಗದೆ.
ಒಂದು, ಎರಡು, ಮೂರು, ನಾಕು, ಐದು.
‘ಹೌದು,’ ಅಂದೆ, ‘ನಮ್ಮ ಮನ್ಯಾಗೂ ಹೇಳತಿದ್ರು.’
ನಳದಾಗ ಇನ್ನೂ ಗಾಳಿ.