ಬರಿ ಕುಳಿ ಸವರಿ

ತುಳಜಾಸಾ ಅವರ ಪ್ರೆಸ್ಸಿನಾಗ ಶಾಯಿ ವಾಸನಿ,
ಗ್ವಾಡಿ ತುಂಬ ಮದುವಿ ಕಾರ್ಡಿನ ಗಣಪತಿಗಳು.
"ಕರಪತ್ರ ಅಂದಮ್ಯಾಲೆ ಒಂದು ಫೋಟೋ ಬೇಕ್ರಿ ಟೀಚರ,
ಬಡಕಲ ಕೂಸು, ಮೂಗಿನ ಮ್ಯಾಲೆ ನೊಣ,
ಕಣ್ಣಾಗ ನೀರಿದ್ರಂತೂ
ಮಂದಿ ಕಿಸೆ ತಾವ ಬಿಚ್ಚತಾವ."
ಕೆಟ್ಟ ಮನಷ್ಯಾ ಅಲ್ಲ.
ಕಾಗದದ ರೊಕ್ಕ ಬ್ಯಾಡ ಅಂದಾವರೂ ಅವರ.

ನನ್ನ ಫೋನಿನಾಗ ನೂರಾ ಹನ್ನೊಂದು ಫೋಟೋ ಅದಾವ,
ಒಂದರಾಗೂ ಯಾರೂ ಅಳಾಕತ್ತಿಲ್ಲ.
ಅತ್ತಾರ. ಅತ್ತಾಗ ನಾ ಫೋನು ತಗೀಲಿಲ್ಲ.
ಟಿಯಾಂಜಾನೆ ನಡಕ್ಕ ಕೈ ಇಟಗೊಂಡು ನಿಂತಾಳ,
ಒಂಬತ್ತು ವರ್ಷದಾಕಿ,
ನನ್ನ ಮೂರನೇ ಸಲ ಸೋಲಿಸಿದ ದಿನದ್ದದು.

ಮಲಾವಿ ಅನ್ನೂ ದೇಶ. ಅಲ್ಲೊಂದು ಕೆರಿ,
ನಮ್ಮ ಭೀಷ್ಮ ಕೆರಿ ಅದಕ್ಕ ಒಂದು ಗುಟುಕು.
ಪಿಂಚಣಿ ಬಂದ ವರ್ಷ ಹೋದೆ, ಆರು ತಿಂಗಳು,
ಹುಡುಗೂರಿಗೆ ಭಿನ್ನರಾಶಿ ಕಲಸಾಕ.
ಮಧ್ಯಾಹ್ನ ಮಾವಿನ ಗಿಡದ ಬುಡಕ
ಅವರು ನೆಲಾ ತೋಡಿ ಕುಳಿ ಮಾಡಿದ್ರು, ನಾಲ್ಕು ಸಾಲು.
ನಮ್ಮ ಆಯಿಯ ಅಳಗುಳಿ ಮಣಿಗೆ ಎರಡ, ಏಳೇಳು.
"ಅಯ್ಯ, ಇದು ನಮ್ಮದಲ್ಲೇನ!" ಅಂದೆ ಕನ್ನಡದಾಗ.
ಯಾವ ಭಾಷೆ ಅಂತ ಒಬ್ಬರೂ ಕೇಳಲಿಲ್ಲ,
ಸರದು ಜಾಗಾ ಕೊಟ್ರು.

ಸೋತೆ. ಮರುದಿನಾನೂ ಸೋತೆ.
ಆಮ್ಯಾಲೆ ನಮ್ಮ ಆಟ ತೋರಿಸಿದೆ:
ಕೈಯಾಗಿನ ಬೀಜ ಒಂದೊಂದ ಹಾಕೋತ ಹೋಗು,
ಮುಗದಲ್ಲಿ ಮುಂದ ಬರಿ ಕುಳಿ ಬಂದ್ರ
ಅಂಗೈಲೆ ಅದನ್ನ ಸವರು,
ಅದರಾಚೆ ಇದ್ದದ್ದೆಲ್ಲಾ ನಿನ್ನದು.
ಟಿಯಾಂಜಾನೆ ಕೇಳಿದ್ಲು,
"ಏನೂ ಇಲ್ಲದ್ದನ್ನ ಯಾಕ ಸವರಬೇಕು?"
ಮೂವತ್ತೊಂದು ವರ್ಷ ಗಣಿತ ಕಲಿಸಿದಾಕಿ ನಾನು.
"ನಮ್ಮ ಆಯಿ ಹೇಳ್ಯಾಳ" ಅಂದೆ.

ಅವರ ಸಾಲಿಯ ಮಾಡು ಗಾಳಿಗೆ ಹೋತು.
ನಲವತ್ತು ತಗಡು ಬೇಕು.
ಅದಕ್ಕ ಈ ರಸೀದಿ ಪುಸ್ತಕ, ಈ ಚಪ್ಪಲಿ,
ಟಾಂಗಾ ಕೂಟದಿಂದ ಬೆಟಗೇರಿ ತನಕ.
"ನಮ್ಮ ಸಾಲಿ ಸೋರತಾವಲ್ರಿ, ಅದು ಕಾಣಂಗಿಲ್ಲೇನು?"
ಕಾಣತದ ತಮ್ಮಾ,
ಅದರ ಕೆಳಗ ಬಕೀಟು ಇಟ್ಟಾಕೀನ ನಾನು.
ಎರಡೂ ಸೋರತಾವ ಅಂದೆ. ಪೂರಾ ಉತ್ತರ ಅಲ್ಲ ಅದು,
ಅವಗೂ ಗೊತ್ತಾತು. ಚಾ ಕುಡಿಸಿ ಕಳಿಸಿದ.
ಇನ್ನೊಬ್ಬ "ನಿಮ್ಮ ಕಮಿಷನ್ ಎಷ್ಟ್ರೀ?" ಅಂದ,
ಬಾಗಲಾ ಹಾಕೂ ಮೊದಲ ಐವತ್ತು ಕೊಟ್ಟ.

ಗ್ರೇನ್ ಮಾರ್ಕೆಟ್ಟಿನಾಗ ಲಾರಿ ಸರದ ಜಾಗಾದಾಗ
ಚೆಲ್ಲಿದ ಹೆಸರು ಬಳ್ಯಾಕತ್ತಿದ್ಲು ಫಕ್ಕೀರವ್ವ.
ಆಕಿನ್ನ ನಾ ಕೇಳಿರಲಿಲ್ಲ. ಆಕೀನ ಕರದ್ಲು.
"ಅವರಿಗೆ ರೊಟ್ಟಿ ಬಡ್ಯಾಕ ಬರತದೇನ?"
"ಇಲ್ಲವಾ, ಗೊಂಜಾಳದ ಮುದ್ದಿ ಉಣತಾರ."
"ಹಂಗಾರ ನಡೀತದ"
ಅಂತ ಎಲಿಚೀಲದಾಗಿಂದ ಇಪ್ಪತ್ತು ರೂಪಾಯಿ ತಗದ್ಲು,
ನಾಲ್ಕು ಮಡಿಕಿ, ಸುಣ್ಣದ ಕಲಿ.
"ರಸೀದಿ..." ಅಂದೆ ಮೆಲ್ಲಕ.
"ಬೇಕ ಬೇಕು. ಹೆಸರು ಪೂರಾ ಬರಿ.
ಫಕ್ಕೀರವ್ವ ಹನಮಪ್ಪ ಮುಳಗುಂದ.
ಈಗ ಓದು."
ಓದಿದೆ.
"ಇನ್ನೊಮ್ಮೆ."
ರಸೀದಿ ಕುಬಸದಾಗ ಸಿಕ್ಕಿಸಿ,
ಕಾಳು ಮುಗದ ಹಾಸಗಲ್ಲಿನ ಮ್ಯಾಲೆ
ಸುಮ್ಮನ ಮತ್ತೊಮ್ಮೆ ಅಂಗೈ ಸವರಿದ್ಲು.
ಸಂದಿನಾಗಿಂದ ಏಳು ಕಾಳು ಎದ್ದು ಬಂದ್ವು.

ಕರಪತ್ರದಾಗ ಫೋಟೋ ಇಲ್ಲ.
ಹದಿನಾಲ್ಕು ಸೊನ್ನಿ ಹಾಕಿಸೇನಿ, ಎರಡು ಸಾಲು.
ತುಳಜಾಸಾ ಪ್ರೂಫ್ ಹಿಡದು
"ಅಕ್ಷರ ಬಿದ್ದು ಹೋಗ್ಯಾವೇನ್ರಿ?" ಅಂದ್ರು.

ಮೂವತ್ತೆರಡು ತಗಡು ಇನ್ನೂ ಕಡಿಮಿ ಅದಾವ.
ನಾಳೆ ನಿಮ್ಮ ಓಣಿಗೆ ಬರತೀನಿ, ಹತ್ತರ ಸುಮಾರಿಗೆ.
ನಾಯಿ ಇದ್ರ ಕಟ್ಟಿರ್ರಿ.