ತೀನ್ ಕಂದೀಲ್ ಹತ್ತಿರ ಬಿಸಿಯ ಲೆಕ್ಕ

ಎ.ಸಿ. ಕೂಡಿಸಲು ಬಂದ ಮಸ್ತಾನ್‌ವಲಿ
ಮೊದಲು ಗೋಡೆ ಅಳೆಯಲಿಲ್ಲ.
ಪಂಕ್ತಿಗೆ ಎಲೆ ಹಾಕುವವನಂತೆ ತಲೆ ಎಣಿಸಿದ:
ಕಂಪ್ಯೂಟರ್ ಆರು, ಪ್ರಿಂಟರ್ ಎರಡು,
ಮೂಲೆಯಲ್ಲಿ ಗುರುಗುಟ್ಟುವ ಯುಪಿಎಸ್ ಒಂದು.
ಆಮೇಲೆ ನಮ್ಮನ್ನೂ ಎಣಿಸಿದ.
"ನೀವೂ ನೂರು ವ್ಯಾಟ್ ಅದೀರಿ ಅಕ್ಕಾ,
ಸುಮ್ನ ಕುಂತ್ರೂ."

ಉಂಡ ಕರೆಂಟೆಲ್ಲ ಬಿಸಿಯೇ ಆಗುವುದೇನೋ, ಕೇಳಿದೆ.
ದಿನವಿಡೀ ದುಡಿಯುತ್ತವಲ್ಲ ಇವು,
ಪಹಣಿ, ಆದಾಯ ಪ್ರಮಾಣಪತ್ರ,
ಲಿಂಗಸುಗೂರಿನ ಹುಡುಗಿಯ ನರ್ಸಿಂಗ್ ಅರ್ಜಿ.
ಆ ಕೆಲಸಕ್ಕೆ ಹೋದ ಪಾಲು ಎಲ್ಲಿ?

ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ ನಕ್ಕ:
"ಕೆಲಸಕ್ಕ ಪಾಲಿಲ್ರೀ.
ನಾನೂರು ಒಳಗ ಹೋದ್ರ ನಾನೂರೂ ಬಿಸಿ.
ರೊಟ್ಟಿ ಒಲಿಗೂ ಇದಕ್ಕೂ ಲೆಕ್ಕದಾಗ ಫರಕಿಲ್ಲ."

ನಂಬಲಿಲ್ಲ. ರಾತ್ರಿ ಶಟರ್ ಅರ್ಧ ಇಳಿಸಿ ಹುಡುಕಿದೆ.
ಪರದೆಯ ಬೆಳಕು?
ಗೋಡೆಗೆ ತಾಗಿ ಗೋಡೆಯೊಳಗೇ ಇಂಗಿತು.
ಫ್ಯಾನಿನ ಗಾಳಿ?
ಕ್ಯಾಲೆಂಡರಿನ ಹಾಳೆ ಅಲುಗಿಸಿ ಸುಸ್ತಾಯಿತು,
ಆ ಸುಸ್ತೂ ಬಿಸಿಯೇ.
ತಂತಿ ಹಿಡಿದು ಊರಾಚೆ ಓಡಿದ ಚಿಟಿಕೆ?
ಅಲ್ಲಿ ಇನ್ಯಾರದೋ ಕೋಣೆ ಕಾಯಿಸಿತು.
ಅಳಿಸಿದ ಅಕ್ಷರ ಕೂಡ
ಹೋಗುವಾಗ ಕೂದಲೆಳೆಯಷ್ಟು ಬೆಚ್ಚಗೆ ಬಿಟ್ಟುಹೋಯಿತು.

ಅಪ್ಪ ಶಕ್ತಿನಗರದ ಬಾಯ್ಲರಿನಲ್ಲಿದ್ದ.
ಅಂಗಿ ಒಗೆದ ಬಕೆಟಿನ ತಳದಲ್ಲಿ ಬೂದಿ.
ನೂರು ಪಾಲು ಸುಟ್ಟರೆ ಮೂವತ್ತು ಚಿಲ್ಲರೆ ತಂತಿಗೆ,
ಮಿಕ್ಕಿದ್ದು ಚಿಮಣಿಗೆ, ಕೃಷ್ಣೆಯ ನೀರಿಗೆ,
ಎನ್ನುತ್ತಿದ್ದ, ಸಂಜೆ ದುಡ್ಡು ಒಪ್ಪಿಸುವ ಕಂಡಕ್ಟರನ ದನಿಯಲ್ಲಿ.
ಅಷ್ಟು ಬೆವರಿ ಉಳಿಸಿದ ಆ ಮೂವತ್ತೂ
ಇಪ್ಪತ್ತು ಕಿಲೋಮೀಟರ್ ಬಂದು
ನನ್ನ ಕೀಲಿಮಣೆಯ ಪಕ್ಕ ಮತ್ತೆ ಬಿಸಿಯೇ ಆಯಿತೆಂದರೆ
ನಗುತ್ತಿರಲಿಲ್ಲ ಅವನು, ಅನಿಸುತ್ತದೆ.

ಈಗ ಎ.ಸಿ. ಕೂತಿದೆ.
ನಮ್ಮ ಬಿಸಿಯನ್ನೆಲ್ಲ ಎತ್ತಿ, ತನ್ನದೂ ಒಂದಿಷ್ಟು ಸೇರಿಸಿ
ಬೀದಿಗೆ ಸುರಿಯುತ್ತದೆ,
ಸರಿಯಾಗಿ ಸೋಡಾ ಗಾಡಿಯ ನರಸಮ್ಮನ ಬೆನ್ನಿಗೆ.
ಏಪ್ರಿಲ್. ನಲವತ್ಮೂರು ಡಿಗ್ರಿ.
ಅವಳು ಗಾಡಿಯನ್ನು ಮೂರಡಿ ಸರಿಸಿಕೊಂಡಳು,
ಏನೂ ಅನ್ನಲಿಲ್ಲ.

ನಿನ್ನೆ ಒಳಗೆ ಬಂದಳು, ವಿಧವಾ ವೇತನದ ಅರ್ಜಿಗೆ.
ಪ್ರಿಂಟರಿನಿಂದ ಬಿದ್ದ ಹಾಳೆಯನ್ನು
ಎರಡೂ ಕೈಯಲ್ಲಿ ಹಿಡಿದು
"ಬೆಚ್ಚಗದ" ಅಂದಳು, ಕೆನ್ನೆಯ ಹತ್ತಿರ ತಂದು.

ಅದು ಆರುವ ಮುಂಚೆ ತಪ್ಪು ಕಂಡಿತು.
ಆಧಾರಿನಲ್ಲಿ ಅವಳು ನರಸಿಂಗಮ್ಮ.
ಅಳಿಸಿದೆ.
ಮತ್ತೆ ಒತ್ತಿದೆ.