ಇಶ್

ಹಾಯಿಕ್ ಎಂಬ ಊರು, ಟೀವಿಯಟ್ ಹೊಳೆಯ ದಂಡೆ.
ಸ್ವೆಟರ್ ಹೆಣೆಯುವ ಗಿರಣಿಯ ಬೆನ್ನಿಗೆ ಬಣ್ಣದ ಕೋಣೆ.
ಒಂದೇ ಕಿಟಕಿ, ಉತ್ತರಕ್ಕೆ.
ಬಿಸಿಲಿಗೆ ಪ್ರವೇಶವಿಲ್ಲ.
ಬಿಸಿಲು ಮುಖಸ್ತುತಿ ಮಾಡುತ್ತದೆ
ಎನ್ನುತ್ತಾನೆ ಆರ್ಚಿ ಟರ್ನ್‌ಬುಲ್.

ಮೂವತ್ತೊಂದು ವರ್ಷ ಅವನ ಕೆಲಸ ಇಷ್ಟೇ:
ಎಡಗೈಯಲ್ಲಿ ಗಿರಾಕಿ ಕಳಿಸಿದ ತುಣುಕು,
ಬಲಗೈಯಲ್ಲಿ ಹಂಡೆಯಿಂದ ಎತ್ತಿದ ಒದ್ದೆ ಎಳೆ,
ನಡುವೆ ಒಂದು ಮಾತು.
'ಕೂದಲೆಳೆಯಷ್ಟು ಕೆಂಪು ಬೇಕು.'
'ತೆಳುವಾಯಿತು, ಮೈತುಂಬಲಿ.'
'ಇದು ಸತ್ತಿದೆ. ಚಿಟಿಕೆ ಹಳದಿ ಹಾಕಿ ಎಬ್ಬಿಸು.'

ಹೊಸದಾಗಿ ಸೇರಿದ ರೋನಾ ಎಲಿಯಟ್
ಕ್ಯಾಟಲಾಗ್ ನೋಡಿ ಓದಿದಳು: ಹೀದರ್, ಪ್ಯೂಟರ್, ಓಟ್‌ಮೀಲ್.
'ಓಟ್‌ಮೀಲ್ ಅಂದರೆ ಯಾರ ಮನೆಯ ಗಂಜಿ?
ಹಾಲು ಹಾಕಿದ್ದೋ, ತಳ ಹಿಡಿದದ್ದೋ?
ಬಣ್ಣಕ್ಕೆ ಹೆಸರಿಲ್ಲ ಹುಡುಗಿ, ನೆರೆಹೊರೆ ಇದೆ.
ಯಾರ ಪಕ್ಕ ಕೂತಿದೆ, ಅಷ್ಟು ಹೇಳು.
ಬ್ಲೂಅರ್ ಅಂದೆಯೋ, ಯಾವುದಕ್ಕಿಂತ ಅನ್ನುವುದನ್ನೂ ಹೇಳು.
ಇಲ್ಲದಿದ್ದರೆ ಅದು ಒಂಟಿಗಾಲಿನ ಏಣಿ.'

ಒಂದು ಎಳೆ ಹಿಡಿದು ಅವಳು ತಡವರಿಸಿದಳು:
'ಗ್ರೀನ್... ಅಲ್ಲ. ಗ್ರೀನಿಶ್.'
ಆರ್ಚಿ ನಕ್ಕ. 'ಬಂತು ನೋಡು ಬಾಲ.
ಇಂಗ್ಲಿಷಿನಲ್ಲಿ ಸುಳ್ಳು ಹೇಳದ ತುಂಡು ಅದೊಂದೇ.'

ಕನ್ನಡದಲ್ಲಿ ಇದಕ್ಕೆ ನಸು ಇದೆ; ನಸುಗೆಂಪು, ನಸುಹಳದಿ.
ಆದರೆ ನಸು ಬಣ್ಣಕ್ಕಿಂತ ಮೊದಲೇ ಬಂದು
ಚಪ್ಪಲಿ ಕಳಚಿ ಬಾಗಿಲಲ್ಲಿ ನಿಲ್ಲುತ್ತದೆ.
ಇಶ್ ಹಾಗಲ್ಲ.
ಗ್ರೀನ್ ಎಂದು ಗಟ್ಟಿಯಾಗಿ ಆಡಿದ ಮೇಲೆ
ಆಡಿದ್ದಕ್ಕೇ ಅಳುಕಿ
ಹಿಂದಿನಿಂದ ಅಂಗಿಯ ಚುಂಗು ಜಗ್ಗುತ್ತದೆ.

ಫೆಬ್ರವರಿಯಲ್ಲಿ ಅವನ ಕಣ್ಣಿಗೆ ಪೊರೆ ಬಂದಿದೆ ಎಂದರು.
ಹತ್ತು ವರ್ಷದಿಂದ ಬೆಳೆಯುತ್ತಿತ್ತಂತೆ ಒಳಗೊಳಗೇ
ಚಹಾ ಬಣ್ಣದ ಗಾಜಿನ ಹಾಗೆ.
ಹಾಗಾದರೆ ಹತ್ತು ವರ್ಷದ ಸ್ವೆಟರುಗಳು?
ರೋನಾ ಲೆಡ್ಜರ್ ತೆಗೆದು ಪುಟ ಪುಟ ಬೆರಳಾಡಿಸಿದಳು.
ದೂರು ಒಂದೂ ಇಲ್ಲ.
ಎರಡು ಕೈಯ ಎರಡೂ ಎಳೆಗೆ
ಒಂದೇ ಚಹಾ ಬಿದ್ದಿತ್ತಲ್ಲ, ಹೋಲಿಕೆ ಕೆಡಲಿಲ್ಲ.
ಕೆಟ್ಟಿದ್ದರೆ ಕೆಟ್ಟದ್ದು
ಯಾವುದರ ಪಕ್ಕವೂ ಇಡದೆ
ಸುಮ್ಮನೆ ನೋಡಿದ ಬಣ್ಣಗಳು.

ಪಟ್ಟಿ ಬಿಚ್ಚಿದ ಮರುದಿನ ಅಡುಗೆಮನೆಗೆ ಬಂದ.
ನೆಟ್ಟಾ ಬೆನ್ನು ಮಾಡಿ ಆಲೂಗಡ್ಡೆ ಸುಲಿಯುತ್ತಿದ್ದಳು,
ಮೊಣಕೈ ತೇಪೆಯ ಕಾರ್ಡಿಗನ್ ತೊಟ್ಟು.
'ಇದನ್ನು ಯಾವಾಗ ಕೊಂಡೆ?'
'ಕೊಂಡದ್ದೆಲ್ಲಿ, ನೀನೇ ತಂದದ್ದು ಎಂಟು ವರ್ಷದ ಹಿಂದೆ,
ಗಿರಣಿಯಲ್ಲಿ ತಿರಸ್ಕರಿಸಿದ ರಾಶಿಯಿಂದ.'
'ನಾನು ತಂದದ್ದು ಗ್ರೇ.'
'ಗ್ರೇ ಅಂದೆ. ನಾನು ಲ್ಯಾವೆಂಡರ್ ಅಂದೆ.
ಮೂವತ್ತೊಂದು ವರ್ಷದ ಕಣ್ಣು ಇದು ಅಂತ ಮೇಜು ಗುದ್ದಿದೆ.'
'ಆಮೇಲೆ?'
'ಆಮೇಲೆ ನೀನು ಗ್ರೇಯಿಶ್ ಅಂದೆ,
ನಾನು ಲ್ಯಾವೆಂಡರಿಶ್ ಅಂದೆ.
ಸೂಪು ಆರುತ್ತಿತ್ತು ಆರ್ಚಿ.'

ಅವನು ಉತ್ತರ ಕೊಡಲಿಲ್ಲ.
ಅವಳ ತೋಳು ಹಿಡಿದು ಕಿಟಕಿಗೆ ಕರೆದೊಯ್ದ,
ಹೊಸ ಹುಡುಗನ ಹಾಗೆ
ತೋಳಿನ ಹೆಣಿಗೆಯನ್ನು ಅತ್ತ ಇತ್ತ ತಿರುಗಿಸಿದ.
ಮನೆಯ ಕಿಟಕಿ ದಕ್ಷಿಣಕ್ಕೆ. ಬಿಸಿಲು ಬಂದು
ಮುಖಸ್ತುತಿ ಶುರುಮಾಡಿತ್ತು.
ಪರದೆ ಎಳೆಯಲಿಲ್ಲ.
ಕೈಗೆ ಕೈ ತಾಗಿಸಿಕೊಂಡೇ ನಿಂತು
'ಬ್ಲೂಅರ್' ಅಂದ.

ಯಾವುದಕ್ಕಿಂತ ಎಂದು ಅವಳು ಕೇಳಲಿಲ್ಲ.
ಇನ್ನೊಂದು ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ,
ಬಿಳಿಯೂ ಅಲ್ಲ, ಹಳದಿಯೂ ಅಲ್ಲ,
ನೋಡನೋಡುತ್ತ ಕಂದಾಗುತ್ತಿತ್ತು.